ನವೆಂಬರ್ 26

ಮೈಸೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ದಿನಾ ರಾತ್ರಿ ಫೋನಿನಲ್ಲಿ ಮಾತಾಡುವವಳು ಇದ್ದಕ್ಕಿದ್ದಂತೆ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲರೂ ಆರೋಗ್ಯವಾಗಿದ್ದೇವೆ. ನಿನ್ನ ಕಣ್ಣಿಗೆ ಕಷ್ಟವಾಗದಿರಲಿ ಎಂದು ಅಕ್ಷರ ದೊಡ್ಡದಾಗಿ, ಸಾಲು ಬಿಟ್ಟು ಸಾಲು ಬರೆದಿದ್ದೇನೆ. ಆಯಾಸವಾದರೆ ನಾಲ್ಕು ದಿನ ಇಟ್ಟುಕೊಂಡು ಓದು. ಆದರೆ ಸೊಸೆಯ ಕೈಲಿ ಓದಿಸಬೇಡ, ನೀನೇ ಓದು.

ದಿನಾ ಫೋನಿನಲ್ಲಿ ನಾನು ಹೇಳುತ್ತಿದ್ದ ಕಾದಂಬರಿ ಮೊನ್ನೆ ಮುಗಿದ ರಾತ್ರಿ ನೀನು ಕೇಳಿದೆಯಲ್ಲ, “ಎಲ್ಲ ಚೆನ್ನಾಗಿತ್ತು ಕಣೇ, ಆದರೆ ಆ ಬಿಂಗ್ಲಿ ಜೇನ್‌ನ ಬಿಟ್ಟು ಹೋಗಿದ್ದು ಯಾಕೆ? ಒಂದು ರಾತ್ರಿ ಕುಣಿದದ್ದಕ್ಕೆ ಇಷ್ಟೆಲ್ಲ ಆಯ್ತಾ?” ಎಂದು. ನಾನು ಏನೋ ಹೇಳಿ ಫೋನ್ ಇಟ್ಟುಬಿಟ್ಟೆ. ಹದಿನೆಂಟನೆಯ ಅಧ್ಯಾಯ ಹೇಳಿದ ದಿನ ನೀನು ಕಣ್ಣಿಗೆ ಹನಿ ಹಾಕಿಸಿಕೊಂಡು ಮಲಗಿದ್ದೆ, ಕಥೆ ಅರ್ಧವಾಗುವಷ್ಟರಲ್ಲಿ ನಿದ್ದೆ ಹೋದೆ. ನಿನ್ನ ಉಸಿರು ನನಗೆ ಕೇಳಿಸುತ್ತಿತ್ತು. ಮರುದಿನ ನಾನು ಅದನ್ನು ಮತ್ತೆ ಹೇಳಬೇಕಿತ್ತು. ಹೇಳಲಿಲ್ಲ, ಮುಂದಿನ ಅಧ್ಯಾಯಕ್ಕೆ ಹೋದೆ. ಮರೆತು ಹೋದದ್ದಲ್ಲ, ಬೇಕೆಂದೇ ಬಿಟ್ಟೆ. ಆಸ್ಟಿನ್‌ಳ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಅನ್ನು ಎಷ್ಟೋ ವರ್ಷ ಬಿ.ಎ. ಹುಡುಗಿಯರಿಗೆ ಪಾಠ ಮಾಡಿದವಳು ನಾನು. ಆ ಅಧ್ಯಾಯ ಬಿಟ್ಟರೆ ಇಡೀ ಪುಸ್ತಕಕ್ಕೆ ಬೆನ್ನೆಲುಬೇ ಇಲ್ಲ ಎಂದು ತರಗತಿಯಲ್ಲಿ ಹೇಳಿದವಳು. ನಿನಗೆ ಹೇಳುವಾಗ ಮಾತ್ರ ಹಾರಿಸಿದೆ. ಈಗ ಕೂತು ಪೂರ್ತಿ ಬರೆಯುತ್ತೇನೆ.

ಮೊದಲು ಆ ಕುಣಿತ ಎಂದರೆ ಏನು ಎನ್ನುವುದನ್ನು ಹೇಳಬೇಕು. ನಾವು ಸಿನಿಮಾದಲ್ಲಿ ನೋಡಿದ ಹಾಗೆ ಇಬ್ಬರು ತಬ್ಬಿಕೊಂಡು ತಿರುಗುವುದಲ್ಲ. ಅದು ವಾಲ್ಟ್ಸ್. ಈ ಪುಸ್ತಕ ಅಚ್ಚಾದದ್ದು 1813ರ ಜನವರಿಯಲ್ಲಿ. ಆಗ ವಾಲ್ಟ್ಸ್ ಎಂದರೆ ಇಂಗ್ಲೆಂಡಿನ ಹಿರಿಯರು ಮುಖ ಸಿಂಡರಿಸುತ್ತಿದ್ದರು. ಜೇನ್‌ಳ ತಂಗಿ ಎಲಿಜಬೆತ್ ಕುಣಿದದ್ದು ಸಾಲು ಕುಣಿತ. ಒಂದು ಸಾಲಿನಲ್ಲಿ ಗಂಡಸರು, ಎದುರು ಸಾಲಿನಲ್ಲಿ ಹೆಂಗಸರು. ಮೇಲಿನ ತುದಿಯ ಜೋಡಿ ಕುಣಿಯುತ್ತ ಕುಣಿಯುತ್ತ ಕೆಳಕ್ಕೆ ಇಳಿಯುತ್ತದೆ. ಉಳಿದವರು ತಮ್ಮ ಸರದಿ ಬರುವವರೆಗೆ ಎದುರುಬದುರು ನಿಂತೇ ಇರುತ್ತಾರೆ. ಕೈ ಹಿಡಿಯುವುದು ಒಂದೊಂದು ಕ್ಷಣ, ಅದೂ ಕೈಗವಸು ಹಾಕಿಕೊಂಡು. ಒಬ್ಬನ ಜೊತೆ ಕುಣಿಯಲು ಒಪ್ಪಿದರೆ ಬೆನ್ನುಬೆನ್ನಿಗೆ ಎರಡು ಕುಣಿತ. ಎರಡೂ ಸೇರಿ ಹತ್ತಿರಹತ್ತಿರ ಅರ್ಧ ಗಂಟೆ.

ಈ ಅರ್ಧ ಗಂಟೆಯನ್ನು ಗಟ್ಟಿಯಾಗಿ ಹಿಡಿದುಕೋ ಅಕ್ಕಾ, ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ. ಆ ಕಾಲದಲ್ಲಿ ಒಳ್ಳೆಯ ಮನೆತನದ ಹುಡುಗಿ ಅಪರಿಚಿತ ಗಂಡಸಿನ ಜೊತೆ ಒಬ್ಬಳೇ ಕೂತು ಮಾತಾಡುವ ಹಾಗಿರಲಿಲ್ಲ. ನಿಶ್ಚಿತಾರ್ಥವಾಗದ ಹುಡುಗನಿಗೆ ಕಾಗದ ಬರೆಯುವಂತಿರಲಿಲ್ಲ. ಮನೆಗೆ ಬಂದರೆ ಅಮ್ಮ, ತಂಗಿಯರು, ನೆರೆಯವರು ಎಲ್ಲ ಸುತ್ತ ಇರುತ್ತಾರೆ. ಕುಣಿಯುವ ಸಾಲಿನಲ್ಲಿ ನಿಂತಾಗ ಮಾತ್ರ, ನೂರು ಕಣ್ಣುಗಳ ಎದುರಿಗೇ, ಇಬ್ಬರು ಪರಸ್ಪರ ಮುಖ ನೋಡಿಕೊಂಡು ಬೇರೆಯವರಿಗೆ ಕೇಳಿಸದ ಹಾಗೆ ಮಾತಾಡಬಹುದಿತ್ತು. ಎಲ್ಲರಿಗೂ ಕಾಣುತ್ತದೆ, ಯಾರಿಗೂ ಕೇಳುವುದಿಲ್ಲ. ಮದುವೆಯಾದರೆ ನಲವತ್ತು ವರ್ಷ ಒಟ್ಟಿಗೆ ಬಾಳಬೇಕಾದವರಿಗೆ ಒಬ್ಬರನ್ನೊಬ್ಬರು ತಿಳಿಯಲು ಆ ಸಮಾಜ ಕೊಟ್ಟದ್ದು ಇಂಥ ಕೆಲವು ಅರ್ಧ ಗಂಟೆಗಳನ್ನು. ಒಂದೇ ರಾತ್ರಿ ಒಬ್ಬನ ಜೊತೆಯೇ ಮತ್ತೆ ಮತ್ತೆ ಕುಣಿದರೆ ಊರೆಲ್ಲ ಮದುವೆಯ ಮಾತು ಶುರು.

ಇನ್ನೊಂದು ನಿಯಮ ಹೇಳಿದರೆ ನಿನಗೆ ಸಿಟ್ಟು ಬರುತ್ತದೆ. ಕೇಳುವುದು ಯಾವಾಗಲೂ ಗಂಡಸು. ಹೆಣ್ಣು ಒಲ್ಲೆ ಎನ್ನಬಹುದು. ಆದರೆ ಒಬ್ಬನಿಗೆ ಒಲ್ಲೆ ಎಂದವಳು ಆಮೇಲೆ ಬಂದು ಕೇಳಿದ ಇನ್ನೊಬ್ಬನ ಜೊತೆಗೂ ಕುಣಿಯುವ ಹಾಗಿಲ್ಲ. ರಾತ್ರಿಯೆಲ್ಲ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಿರಬೇಕು. 1778ರಲ್ಲಿ ಬಂದ ಫ್ಯಾನಿ ಬರ್ನಿಯ ‘ಎವೆಲಿನಾ’ ಕಾದಂಬರಿಯ ಹುಡುಗಿ ಈ ನಿಯಮ ಗೊತ್ತಿಲ್ಲದೆ ಒಬ್ಬನನ್ನು ಬೇಡವೆಂದು, ಇನ್ನೊಬ್ಬನ ಜೊತೆ ಕುಣಿದು, ಎಲ್ಲರ ಎದುರು ಅವಮಾನ ಪಡುತ್ತಾಳೆ. ಆಸ್ಟಿನ್ ತನ್ನ ‘ನಾರ್ಥ್ಯಾಂಗರ್ ಅಬ್ಬಿ’ಯಲ್ಲಿ ಹೆನ್ರಿ ಟಿಲ್ನಿ ಎಂಬ ಹುಡುಗನ ಬಾಯಲ್ಲಿ ಇದನ್ನೇ ಹೇಳಿಸಿದ್ದಾಳೆ: ಕುಣಿತವೂ ಮದುವೆಯೂ ಒಂದೇ ಬಗೆ, ಆರಿಸುವ ಹಕ್ಕು ಗಂಡಿನದು, ನಿರಾಕರಿಸುವ ಶಕ್ತಿಯೊಂದೇ ಹೆಣ್ಣಿನದು. ಅವನು ನಗುತ್ತ ಹೇಳುತ್ತಾನೆ. ಬರೆದವಳಿಗೆ ಅದು ನಗುವ ವಿಷಯವಾಗಿರಲಿಲ್ಲ ಎಂದೇ ನನಗೆ ಅನ್ನಿಸುವುದು.

ಆ ಹೆಂಗಸಿಗೆ ಕುಣಿತದ ಒಳಹೊರಗು ಚೆನ್ನಾಗಿ ಗೊತ್ತಿತ್ತು. ಅವಳ ಕಾಗದಗಳಲ್ಲಿ ಈಗ ಉಳಿದಿರುವುದು ನೂರರವತ್ತರಷ್ಟು. ಬಹುಪಾಲು ಅವಳ ಅಕ್ಕ ಕಸಾಂಡ್ರಾಗೆ ಬರೆದವು. ಉಳಿದಿರುವುದರಲ್ಲಿ ಅತ್ಯಂತ ಹಳೆಯದು 1796ರ ಜನವರಿ 9ರದ್ದು. ಅಂದು ಅಕ್ಕನ ಹುಟ್ಟುಹಬ್ಬ, ಅಕ್ಕ ಊರಲ್ಲಿಲ್ಲ. ಶುಭಾಶಯ ಹೇಳಿ ಮುಗಿಸುವ ಮೊದಲೇ ಇಪ್ಪತ್ತರ ಹುಡುಗಿ ಹಿಂದಿನ ರಾತ್ರಿಯ ನೃತ್ಯಕೂಟದ ಸುದ್ದಿಗೆ ಬರುತ್ತಾಳೆ. ಟಾಮ್ ಲೆಫ್ರಾಯ್ ಎಂಬ ಐರಿಷ್ ಹುಡುಗನ ಜೊತೆ ತಾನು ಹೇಗೆ ಕುಣಿದೆ, ಹೇಗೆ ಜೊತೆಗೆ ಕೂತೆ, ನೀನು ಎಷ್ಟು ಕೆಟ್ಟದಾಗಿ ಬೇಕಾದರೂ ಊಹಿಸಿಕೋ ಎಂದು ಅಕ್ಕನನ್ನು ಕೆಣಕುತ್ತಾಳೆ. ಇಬ್ಬರ ಬಳಿಯೂ ಹಣವಿರಲಿಲ್ಲ, ಹುಡುಗ ಹೊರಟುಹೋದ. ಮುಂದೆ ಅವನು ಐರ್ಲೆಂಡಿನ ಮುಖ್ಯ ನ್ಯಾಯಾಧೀಶನಾದ. ಅದೇ ವರ್ಷ ಅಕ್ಟೋಬರಿನಲ್ಲಿ ಆಸ್ಟಿನ್ ‘ಫಸ್ಟ್ ಇಂಪ್ರೆಶನ್ಸ್’ ಎಂಬ ಕಾದಂಬರಿ ಶುರುಮಾಡಿದಳು. ಅಪ್ಪ ಅದನ್ನು ಒಬ್ಬ ಪ್ರಕಾಶಕನಿಗೆ ತೋರಿಸಲು ಕಾಗದ ಹಾಕಿದರೆ, ಅವನು ನೋಡುವುದಕ್ಕೂ ಒಪ್ಪಲಿಲ್ಲ. ಹದಿನೈದು ಹದಿನಾರು ವರ್ಷ ಪೆಟ್ಟಿಗೆಯಲ್ಲಿದ್ದು, ತಿದ್ದಿಸಿಕೊಂಡು, ಹೆಸರು ಬದಲಾಯಿಸಿಕೊಂಡು ಹೊರಗೆ ಬಂದದ್ದೇ ನಾವು ಓದಿದ ಪುಸ್ತಕ. ಹಕ್ಕನ್ನು 110 ಪೌಂಡಿಗೆ ಮಾರಿದಳು, ಪುಸ್ತಕದ ಮೇಲೆ ಅವಳ ಹೆಸರೂ ಇರಲಿಲ್ಲ. ಲೆಫ್ರಾಯ್‌ನ ನೆನಪಿನಲ್ಲಿ ಈ ಕಾದಂಬರಿಯ ನಾಯಕ ಡಾರ್ಸಿ ಹುಟ್ಟಿದ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಆದರೆ ಒಂದು ಕುಣಿತದ ರಾತ್ರಿಯ ಮರುದಿನ ಅಕ್ಕನಿಗೆ ಕಾಗದ ಬರೆಯಲು ಕೂತವಳಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು, ಅಷ್ಟು ಸಾಕು. ಕಸಾಂಡ್ರಾ ತಾನು ಸಾಯುವ ಮುಂಚೆ ತಂಗಿಯ ಎಷ್ಟೋ ಕಾಗದ ಸುಟ್ಟುಹಾಕಿದಳು. ಈ ಕಾಗದವನ್ನು ನೀನು ಏನು ಬೇಕಾದರೂ ಮಾಡು.

ಈಗ ಕಥೆಗೆ ಬರುತ್ತೇನೆ. ಮೆರಿಟನ್ ಊರಿನ ಸಾರ್ವಜನಿಕ ನೃತ್ಯಕೂಟ ನಿನಗೆ ನೆನಪಿದೆ, ಅದರಲ್ಲಿ ನೀನು ಎಚ್ಚರವಾಗಿದ್ದೆ. ಅದು ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಬರುವ ಕೂಟ. ಗಂಡಸರು ಕಡಿಮೆ, ಎಲಿಜಬೆತ್ ಎರಡು ಕುಣಿತ ಸುಮ್ಮನೆ ಕೂತಿರುತ್ತಾಳೆ. ಆಗ ಬಿಂಗ್ಲಿಯ ಗೆಳೆಯ ಡಾರ್ಸಿ ಅವಳಿಗೆ ಕೇಳುವ ಹಾಗೆ, ಇವಳೇನು ನನ್ನ ಮನಸ್ಸು ಸೆಳೆಯುವಷ್ಟು ಚೆಲುವೆಯಲ್ಲ, ಬೇರೆ ಗಂಡಸರು ಬಿಟ್ಟು ಕೂರಿಸಿದವಳಿಗೆ ನಾನು ಯಾಕೆ ಬೆಲೆ ತಂದುಕೊಡಲಿ ಎನ್ನುತ್ತಾನೆ. ಆಮೇಲೆ ಅವನೇ ಎರಡು ಸಲ ಕುಣಿಯೋಣ ಎಂದು ಕೇಳುತ್ತಾನೆ, ನೆರೆಯ ಲೂಕಸರ ಮನೆಯಲ್ಲಿ ಒಮ್ಮೆ, ಜೇನ್ ಜ್ವರದಿಂದ ಬಿಂಗ್ಲಿಯ ನೆದರ್‌ಫೀಲ್ಡ್ ಮನೆಯಲ್ಲಿ ಮಲಗಿದ್ದಾಗ ಒಮ್ಮೆ. ಎರಡು ಸಲವೂ ಎಲಿಜಬೆತ್ ಒಲ್ಲೆ ಎನ್ನುತ್ತಾಳೆ. ಮೂರನೆಯ ಸಲ ಕೇಳಿದ್ದು ನವೆಂಬರ್ 26ರ ರಾತ್ರಿ, ಬಿಂಗ್ಲಿ ತನ್ನ ಮನೆಯಲ್ಲಿ ಏರ್ಪಡಿಸಿದ ಕೂಟದಲ್ಲಿ.

ಮನೆಯಲ್ಲಿ ನಡೆಯುವ ಕೂಟದ ರೀತಿಯೇ ಬೇರೆ. ಆಮಂತ್ರಣ ಇದ್ದವರಿಗಷ್ಟೇ ಪ್ರವೇಶ. ಅಡುಗೆಮನೆಯಲ್ಲಿ ಬಿಳಿ ಸೂಪು ಸಾಕಷ್ಟು ತಯಾರಾದ ಮೇಲೆ ಕರೆಯೋಲೆ ಕಳಿಸುತ್ತೇನೆ ಎಂದು ಬಿಂಗ್ಲಿ ಮೊದಲೇ ಹೇಳಿರುತ್ತಾನೆ. ಬಾದಾಮಿ, ಕೆನೆ ಹಾಕಿದ ಮಾಂಸದ ಸಾರು ಅದು, ನಡುರಾತ್ರಿಯ ಊಟಕ್ಕೆ. ರಸ್ತೆಯಲ್ಲಿ ದೀಪವಿಲ್ಲದ ಕಾಲ, ಹಳ್ಳಿಗಾಡಿನವರು ಇಂಥ ಕೂಟಗಳಿಗೆ ಬೆಳದಿಂಗಳಿರುವ ದಿನಗಳನ್ನೇ ನೋಡುತ್ತಿದ್ದರು, ಗಾಡಿಗಳು ದಾರಿ ಕಂಡು ಮನೆ ಸೇರಬೇಕಲ್ಲ. ಈ ಕೂಟಕ್ಕೆ ಮುಂಚೆ ನಾಲ್ಕು ದಿನ ಬಿಡದೆ ಮಳೆ. ಹುಡುಗಿಯರಿಗೆ ಪೇಟೆಗೆ ಹೋಗಲು ಆಗದೆ, ಚಪ್ಪಲಿಗೆ ಹಾಕುವ ಬಟ್ಟೆಯ ಗುಲಾಬಿಗಳನ್ನೂ ಬೇರೆಯವರ ಕೈಲಿ ತರಿಸಿಕೊಳ್ಳುತ್ತಾರೆ. ಮಲೆನಾಡಿನ ನಮಗೆ ಆ ನಾಲ್ಕು ದಿನದ ಚಡಪಡಿಕೆ ಯಾರೂ ವಿವರಿಸಬೇಕಿಲ್ಲ.

ಎಲಿಜಬೆತ್ ಅಂದು ಮನಸ್ಸಿಟ್ಟು ಅಲಂಕಾರ ಮಾಡಿಕೊಂಡದ್ದು ವಿಕಮ್‌ಗಾಗಿ. ಆ ಸುಳ್ಳುಗಾರ ಬರುವುದೇ ಇಲ್ಲ. ಮೊದಲ ಎರಡು ಕುಣಿತ ಪಾದ್ರಿ ಕಾಲಿನ್ಸ್‌ನ ಪಾಲು. ತಪ್ಪು ಹೆಜ್ಜೆ ಹಾಕುತ್ತಾನೆ, ತಪ್ಪಿದ್ದು ಅವನಿಗೆ ತಿಳಿಯುವುದೂ ಇಲ್ಲ. ಒಲ್ಲೆ ಎಂದರೆ ರಾತ್ರಿಯೆಲ್ಲ ಕುರ್ಚಿ, ಹಾಗಾಗಿ ಒಪ್ಪಿಕೊಂಡಿದ್ದಳು. ಮರುದಿನ ಬೆಳಿಗ್ಗೆ ಅದೇ ಮನುಷ್ಯ ಮದುವೆಯ ಪ್ರಸ್ತಾಪ ತರುತ್ತಾನೆ. ಕುಣಿತಕ್ಕೆ ಒಲ್ಲೆ ಎನ್ನಲಾಗದವಳು ಮದುವೆಗೆ ಒಲ್ಲೆ ಎಂದಳಲ್ಲ, ನೀನು ಆ ಅಧ್ಯಾಯದಲ್ಲಿ ಚಪ್ಪಾಳೆ ತಟ್ಟಿದ್ದು ನನಗೆ ಫೋನಿನಲ್ಲಿ ಕೇಳಿಸಿತು. ಅದರ ಹಿಂದೆ ಈ ರಾತ್ರಿ ಇದೆ.

ಆಮೇಲೆ ಗೆಳತಿ ಶಾರ್ಲಟ್ ಜೊತೆ ಮಾತಾಡುತ್ತ ನಿಂತಾಗ ಡಾರ್ಸಿ ತಟ್ಟನೆ ಬಂದು ಕೇಳುತ್ತಾನೆ. ಯೋಚಿಸಲು ಪುರುಸೊತ್ತಿಲ್ಲದೆ ಇವಳು ಹ್ಞೂಂ ಎಂದುಬಿಡುತ್ತಾಳೆ. ಇಬ್ಬರೂ ಎದುರುಬದುರು ನಿಲ್ಲುತ್ತಾರೆ, ಮಾತಿಲ್ಲ. ಕೊನೆಗೆ ಅವಳೇ, ನಾನು ಕುಣಿತದ ಬಗ್ಗೆ ಒಂದು ಮಾತಾಡಿದೆ, ಇನ್ನು ನೀವು ಕೋಣೆಯ ಅಳತೆಯ ಬಗ್ಗೆಯೋ ಜೋಡಿಗಳ ಸಂಖ್ಯೆಯ ಬಗ್ಗೆಯೋ ಏನಾದರೂ ಹೇಳಬೇಕು ಎಂಬ ಅರ್ಥದಲ್ಲಿ ಚುಚ್ಚುತ್ತಾಳೆ. ಹೆಜ್ಜೆಯ ಲಯದಲ್ಲೇ ಮಾತು ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ನಡುವೆ ಕುಣಿತ ಅವರನ್ನು ಬೇರೆ ಮಾಡುತ್ತದೆ, ಆಡಿದ ಮಾತು ಅಷ್ಟು ಹೊತ್ತು ಗಾಳಿಯಲ್ಲಿ ನಿಂತಿರುತ್ತದೆ. ಇದನ್ನು ನಾನು ಎಷ್ಟು ಸಲ ಓದಿದರೂ ಬೇಸರ ಬಂದಿಲ್ಲ. ಅವಳು ವಿಕಮ್ ಹೆಸರು ತೆಗೆಯುತ್ತಾಳೆ, ಅವನ ಮುಖ ಬಿಗಿಯುತ್ತದೆ, ಇಬ್ಬರೂ ಮುನಿಸಿಕೊಂಡೇ ಬೇರೆಯಾಗುತ್ತಾರೆ. ಆದರೂ ಅವನಿಗೆ ಅವಳ ಮೇಲೆ ಕೋಪ ಬರುವುದಿಲ್ಲ.

ಆ ಕುಣಿತದ ನಡುವೆ ಒಂದು ಸಣ್ಣ ಘಟನೆ ನಡೆಯುತ್ತದೆ. ನೀನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿದೆ. ಸರ್ ವಿಲಿಯಂ ಲೂಕಸ್ ಆ ಕಡೆ ಹಾದು ಹೋಗುತ್ತ ನಿಲ್ಲುತ್ತಾರೆ. ಪಾಪದ ಮನುಷ್ಯ, ಎಲ್ಲರಿಗೂ ಒಳ್ಳೆಯದನ್ನೇ ಬಯಸುವವರು. ನಿಮ್ಮಿಬ್ಬರ ಕುಣಿತ ನೋಡಲು ಚೆಂದ, ಇನ್ನು ಒಂದು ಶುಭಕಾರ್ಯ ನಡೆದ ಮೇಲೆ ಇದನ್ನು ಮತ್ತೆ ಮತ್ತೆ ನೋಡುವ ಭಾಗ್ಯ ನಮ್ಮದು ಎನ್ನುತ್ತ ಜೇನ್ ಮತ್ತು ಬಿಂಗ್ಲಿಯ ಕಡೆ ನೋಡುತ್ತಾರೆ. ಡಾರ್ಸಿಗೆ ಆ ಕ್ಷಣದವರೆಗೆ ಅದು ತಲೆಗೆ ಹೋಗಿರಲಿಲ್ಲ. ಗೆಳೆಯ ಹುಡುಗಿಯರನ್ನು ಮೆಚ್ಚುವುದು ಹೊಸದಲ್ಲ. ಆದರೆ ಇಡೀ ಊರು ಇವರ ಮದುವೆ ಆಗಿಯೇ ಹೋಯಿತು ಎಂದುಕೊಂಡಿದೆ! ಅಲ್ಲಿಂದ ಮುಂದೆ ಅವನು ಆ ಜೋಡಿಯ ಮೇಲೆ ಕಣ್ಣಿಟ್ಟು ನೋಡುತ್ತಾನೆ. ಬಿಂಗ್ಲಿಗೆ ಪ್ರೀತಿ ಇದೆ, ಸಂಶಯವಿಲ್ಲ. ಜೇನ್‌ಳ ಮುಖ ನೋಡುತ್ತಾನೆ. ನಗುಮುಖ, ಪ್ರಸನ್ನ, ಎಲ್ಲರೊಂದಿಗೆ ಇರುವ ಹಾಗೆಯೇ ಇದ್ದಾಳೆ. ಇವಳ ಮನಸ್ಸಿನಲ್ಲಿ ಬಿಂಗ್ಲಿಗೆ ವಿಶೇಷ ಸ್ಥಾನವೇನೂ ಇಲ್ಲ ಎಂದು ತೀರ್ಮಾನಿಸುತ್ತಾನೆ. ಇದನ್ನೆಲ್ಲ ಅವನೇ ಮುಂದೆ ಎಲಿಜಬೆತ್‌ಗೆ ಕೊಟ್ಟ ಆ ಉದ್ದನೆಯ ಕಾಗದದಲ್ಲಿ ಒಪ್ಪಿಕೊಂಡಿದ್ದಾನೆ.

ಅವಳ ಕೈ ಹಿಡಿಯುವ ಭಾಗ್ಯ ಕಥೆಯಲ್ಲಿ ಮೊದಲ ಬಾರಿಗೆ ಸಿಕ್ಕಿದ ಆ ಅರ್ಧ ಗಂಟೆಯಲ್ಲೇ, ಅವಳ ಅಕ್ಕನ ಬಾಳಿಗೆ ಕಲ್ಲು ಹಾಕುವ ಯೋಚನೆಯ ಬೀಜವೂ ಅವನಲ್ಲಿ ಬಿತ್ತು. ಅವನಿಗೂ ಅವಳಿಗೂ ಮುಂದೆ ನಡೆಯುವ ಜಗಳ, ತಿರಸ್ಕಾರ, ಪಶ್ಚಾತ್ತಾಪ ಎಲ್ಲಕ್ಕೂ ಬೇರು ಅಲ್ಲಿದೆ. ನಿನ್ನ ಮೊಮ್ಮಗಳು 2005ರ ಸಿನಿಮಾ ನೋಡಿ ನನಗೆ ಹೇಳಿದ್ದಳು, ಕುಣಿಯುತ್ತ ಕುಣಿಯುತ್ತ ಸುತ್ತಲಿನವರೆಲ್ಲ ಮಾಯವಾಗಿ ಅವರಿಬ್ಬರೇ ಉಳಿಯುತ್ತಾರೆ ಅಜ್ಜಿ ಎಂದು. ನೋಡಲು ಚೆಂದವಾಗಿದೆ, ನಾನೂ ನೋಡಿದ್ದೇನೆ. ಆದರೆ ಆಸ್ಟಿನ್ ಬರೆದದ್ದು ಅದರ ವಿರುದ್ಧ. ಅಲ್ಲಿ ಯಾರೂ ಮಾಯವಾಗುವುದಿಲ್ಲ. ಪಕ್ಕದ ಮನೆಯ ಸರ್ ವಿಲಿಯಂ ಆ ಕ್ಷಣದಲ್ಲಿ ಮಾಯವಾಗಿದ್ದರೆ ಜೇನ್ ಆ ಚಳಿಗಾಲವೆಲ್ಲ ಅಳುತ್ತಿರಲಿಲ್ಲ.

ಸತ್ಯವೂ ಅಂದು ಅದೇ ಕೋಣೆಯಲ್ಲಿ ಓಡಾಡುತ್ತಿತ್ತು. ವಿಕಮ್‌ನನ್ನು ನಂಬಬೇಡ ಎಂದು ಬಿಂಗ್ಲಿಯ ಸೋದರಿ ಬಂದು ಹೇಳುತ್ತಾಳೆ. ಜೇನ್ ಬಿಂಗ್ಲಿಯನ್ನು ಕೇಳಿಕೊಂಡು ಬಂದು ಅದನ್ನೇ ಹೇಳುತ್ತಾಳೆ. ಒಬ್ಬಳು ಸೊಕ್ಕಿನವಳು, ಆದ್ದರಿಂದ ಅವಳ ಮಾತು ಸುಳ್ಳು. ಇನ್ನೊಬ್ಬಳು ತೀರಾ ಒಳ್ಳೆಯವಳು, ಆದ್ದರಿಂದ ಅವಳಿಗೆ ಲೋಕ ತಿಳಿಯದು. ಹೀಗೆ ಎರಡನ್ನೂ ಎಲಿಜಬೆತ್ ತಳ್ಳಿಹಾಕುತ್ತಾಳೆ. ಬುದ್ಧಿವಂತರು ತಪ್ಪು ಮಾಡುವ ರೀತಿಯೇ ಇದು.

ಊಟದ ಹೊತ್ತಿಗೆ ಎಲ್ಲ ಕೆಡುತ್ತದೆ. ಅಮ್ಮ ಮಿಸೆಸ್ ಬೆನೆಟ್ ಮೇಜಿನಲ್ಲಿ ಲೇಡಿ ಲೂಕಸ್‌ಗೆ ಗಟ್ಟಿ ದನಿಯಲ್ಲಿ ಹೇಳತೊಡಗುತ್ತಾಳೆ: ಜೇನ್‌ದು ಕುದುರಿತು, ಹುಡುಗ ಇಂಥವನು, ಇಷ್ಟು ಶ್ರೀಮಂತ, ಮನೆ ಬರೀ ಮೂರು ಮೈಲಿ ದೂರ, ಅಕ್ಕನದ್ದಾದರೆ ತಂಗಿಯರಿಗೂ ದೊಡ್ಡ ಮನೆಯ ಗಂಡುಗಳು ಸಿಗುತ್ತಾರೆ. ಎದುರಿಗೇ ಡಾರ್ಸಿ ಕೂತಿದ್ದಾನೆ. ಎಲಿಜಬೆತ್ ದನಿ ತಗ್ಗಿಸು ಎಂದು ಬೇಡುತ್ತಾಳೆ. ಅವನಿಗೆ ನಾನೇಕೆ ಹೆದರಬೇಕು ಎಂದು ಅಮ್ಮ ಇನ್ನೂ ಜೋರು. ತಂಗಿ ಮೇರಿ ಹಾಡಲು ಕೂತು ಏಳುವುದೇ ಇಲ್ಲ, ಅಪ್ಪ ಎಲ್ಲರೆದುರು ಅವಳನ್ನು ಅವಮಾನಿಸಿ ನಿಲ್ಲಿಸುತ್ತಾರೆ. ಕಾಲಿನ್ಸ್ ಊಟಕ್ಕೆ ಮುಂಚೆಯೇ ಪರಿಚಯವಿಲ್ಲದ ಡಾರ್ಸಿಯ ಬಳಿ ತಾನೇ ಹೋಗಿ ಮಾತಿಗೆ ನಿಂತಿರುತ್ತಾನೆ. ಹೊರಡುವಾಗ ಎಲ್ಲರ ಗಾಡಿ ಹೋದ ಮೇಲೂ ಕಾಲು ಗಂಟೆ ಉಳಿಯುವ ಹಾಗೆ ಅಮ್ಮ ಉಪಾಯ ಮಾಡಿರುತ್ತಾಳೆ. ಮನೆಯವರೆಲ್ಲ ಸೇರಿ ತಮ್ಮನ್ನು ಬಯಲು ಮಾಡಿಕೊಳ್ಳಬೇಕೆಂದು ಮಾತಾಡಿಕೊಂಡು ಬಂದಿದ್ದರೂ ಇದಕ್ಕಿಂತ ಹೆಚ್ಚು ಮಾಡಲಾಗುತ್ತಿರಲಿಲ್ಲ ಎಂದು ಆ ಹುಡುಗಿಗೆ ಅನ್ನಿಸುತ್ತದೆ.

ಮರುದಿನ ಬಿಂಗ್ಲಿ ಲಂಡನ್ನಿಗೆ ಹೊರಟ. ಹಿಂದೆಯೇ ಅವನ ಸೋದರಿಯರೂ ಡಾರ್ಸಿಯೂ ಹೋಗಿ ಅವನನ್ನು ಅಲ್ಲೇ ನಿಲ್ಲಿಸಿಕೊಂಡರು. ನಿನಗೆ ನಾನು ಹೇಳದೆ ಬಿಟ್ಟದ್ದು ಇಷ್ಟು.

ಯಾಕೆ ಬಿಟ್ಟೆ ಎನ್ನುವುದು ನಿನಗೆ ಈಗಾಗಲೇ ತಿಳಿದಿರಬೇಕು. 1981ರ ವೈಶಾಖ, ಕೊಪ್ಪದ ಹತ್ತಿರದ ಆ ಮದುವೆ ಮನೆ. ನಿನಗೆ ಇಪ್ಪತ್ತೆರಡು, ನನಗೆ ಹದಿನೇಳು. ನೀನು ಚಪ್ಪರದ ಬಾಗಿಲಲ್ಲಿ ನಿಂತು ಪಾನಕ ಕೊಡುತ್ತಿದ್ದೆ. ಬ್ಯಾಂಕಿನ ಕೆಲಸದ ಆ ಹುಡುಗ ಬಂದು ಒಂದು ಲೋಟ ಕುಡಿದ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದಕ್ಕೆ ಬಂದ. ನಾನು ನೋಡಿದೆ, ಅಮ್ಮನೂ ನೋಡಿದಳು. ಪಂಕ್ತಿಯಲ್ಲಿ ಕೂತಾಗ ಅಮ್ಮ ಪಕ್ಕದವರ ಹತ್ತಿರ ಶುರುಮಾಡಿದಳು, ದೊಡ್ಡವಳದ್ದು ಇನ್ನೇನು ಆದ ಹಾಗೆಯೇ, ಅವರದ್ದು ಎಷ್ಟು ತೋಟ, ಹುಡುಗನ ಸಂಬಳ ಎಷ್ಟು. ಎದುರು ಸಾಲಿನಲ್ಲಿ ಹುಡುಗನ ಸೋದರಮಾವ ಕೂತಿದ್ದರು. ನಾನು ಅಮ್ಮನ ತೊಡೆ ಚಿವುಟಿದೆ. ಅಮ್ಮ ನಿಲ್ಲಿಸಲಿಲ್ಲ. ಸಾರಿನ ಹೊತ್ತಿಗೆ ನನಗೆ ಎಲೆಯ ಮೇಲೆ ಏನಿದೆ ಎಂದು ಕಾಣುತ್ತಿರಲಿಲ್ಲ.

ಆ ಮನೆಯಿಂದ ಆಮೇಲೆ ಸುದ್ದಿ ಬರಲಿಲ್ಲ. ಅಮ್ಮನ ಬಾಯಿಂದಲೇ ಹೋಯಿತು ಎಂದು ನಾನು ಎಷ್ಟು ಸಲ ಅಂದಿದ್ದೇನೆ, ನಿನ್ನ ಎದುರಿಗೇ ಅಂದಿದ್ದೇನೆ. ನೀನು ಒಂದು ದಿನವೂ ಹ್ಞೂಂ ಎನ್ನಲಿಲ್ಲ, ಅಮ್ಮನ ಪರವಾಗಿ ಪಾತ್ರೆ ತೊಳೆಯುತ್ತ ನಿಂತೆ. ಅಪ್ಪನ ಮೇಷ್ಟ್ರ ಸಂಬಳ, ಮೂರು ಹೆಣ್ಣುಮಕ್ಕಳು, ಕೈಯಲ್ಲಿ ಒಂದು ತುಂಡು ತೋಟವಿಲ್ಲ. ಮಿಸೆಸ್ ಬೆನೆಟ್‌ಳನ್ನು ತರಗತಿಯಲ್ಲಿ ಓದುವಾಗ ಹುಡುಗಿಯರು ನಗುತ್ತಿದ್ದರು, ಮೊದಮೊದಲು ನಾನೂ ಅವರೊಡನೆ ನಗುತ್ತಿದ್ದೆ. ಗಂಡ ಸತ್ತ ದಿನ ಆ ಮನೆ ಕಾಲಿನ್ಸ್‌ನದ್ದಾಗುತ್ತದೆ, ಅವಳೂ ಐವರು ಹೆಣ್ಣುಮಕ್ಕಳೂ ಬೀದಿಗೆ. ಅವಳು ಕೂಗಿ ಮಾತಾಡಿದ್ದು ಹೆದರಿಕೆಯಿಂದ. ಇದು ನನಗೆ ಹೊಳೆದದ್ದು ಐವತ್ತು ದಾಟಿದ ಮೇಲೆ, ಅಷ್ಟರಲ್ಲಿ ಅಮ್ಮ ಇರಲಿಲ್ಲ.

ಇನ್ನೊಂದಿದೆ ಅಕ್ಕ. ಇದನ್ನು ಬರೆಯುವುದಕ್ಕೇ ಕೂತದ್ದು.

ಊಟವಾದ ಮೇಲೆ ಹಿತ್ತಲಲ್ಲಿ ಹಂಡೆಯ ಹತ್ತಿರ ಕೈತೊಳೆಯುತ್ತಿದ್ದೆ. ಆ ಹುಡುಗ ಬಂದ. ನನಗೆ ಬಿಂದಿಗೆಯಿಂದ ನೀರು ಹಾಕಿದ. ಹಾಕುತ್ತಲೇ, ತುಂಬ ಸಂಕೋಚದಿಂದ, ನಿಮ್ಮ ಅಕ್ಕನ ಮನಸ್ಸಿನಲ್ಲಿ ಏನಾದರೂ ಇದೆಯಾ ಎಂದು ಕೇಳಿದ. ಪಂಕ್ತಿಯ ಅವಮಾನ ಇನ್ನೂ ಕಿವಿಯಲ್ಲಿ ಬಿಸಿಯಾಗಿತ್ತು. ನಮ್ಮ ಮನೆಯವರು ಇವನ ಹಿಂದೆ ಬಿದ್ದಿಲ್ಲ ಎಂದು ತೋರಿಸಬೇಕು ಅನ್ನಿಸಿತು. “ಅಂಥದ್ದೇನೂ ಇಲ್ಲ. ಅಕ್ಕ ಎಲ್ಲರ ಹತ್ತಿರವೂ ಹಾಗೇ ನಗುತ್ತಾಳೆ” ಅಂದೆ. ಅವನು ಬಿಂದಿಗೆ ಕೆಳಗಿಟ್ಟು ಹೋದ.

ಮನೆಗೆ ಬಂದು ನಿನಗೆ ಹೇಳಲಿಲ್ಲ. ಅಮ್ಮನಿಗೂ ಹೇಳಲಿಲ್ಲ. ತಪ್ಪು ತನ್ನದು ಎಂದುಕೊಂಡೇ ಅಮ್ಮ ಹೋದಳು. ಎಷ್ಟೋ ವರ್ಷ ನಾನೂ ಅದನ್ನು ಹಾಗೆಯೇ ನಂಬಿದ್ದೆ, ಹಂಡೆಯ ಹತ್ತಿರದ ಮಾತು ನನ್ನ ನೆನಪಿನಿಂದಲೇ ಬಿದ್ದುಹೋದ ಹಾಗಿತ್ತು. ಡಾರ್ಸಿಯ ಕಾಗದದಲ್ಲಿ ಜೇನ್‌ಳ ನಗುಮುಖದ ಬಗ್ಗೆ ಬರುವ ಸಾಲನ್ನು ಒಂದು ದಿನ ಹುಡುಗಿಯರಿಗೆ ಓದುತ್ತಿದ್ದಾಗ ದನಿ ನಿಂತಿತು. ನೀರು ಕುಡಿದು ಬರುತ್ತೇನೆ ಎಂದು ತರಗತಿಯಿಂದ ಆಚೆ ಬಂದೆ. ಜೇನ್‌ಳ ಸಂಕೋಚ ಅವಳಿಗೇ ಮುಳುವಾದೀತು, ಮನಸ್ಸಿನಲ್ಲಿ ಇದ್ದದ್ದಕ್ಕಿಂತ ಹೆಚ್ಚು ತೋರಿಸಬೇಕು ಎಂದು ಶಾರ್ಲಟ್ ಪುಸ್ತಕದ ಆರಂಭದಲ್ಲೇ ಎಚ್ಚರಿಸುತ್ತಾಳೆ, ಎಲಿಜಬೆತ್ ನಕ್ಕುಬಿಡುತ್ತಾಳೆ. ಅಕ್ಕನ ಮುಖ ತನಗೆ ತೆರೆದ ಪುಸ್ತಕ, ಹಾಗಾಗಿ ಎಲ್ಲರಿಗೂ ಓದಲು ಬರುತ್ತದೆ ಎಂದುಕೊಂಡಿದ್ದಳು. ನನಗೆ ನಿನ್ನ ಮುಖ ಓದಲು ಬರುತ್ತಿತ್ತು. ಅವನು ಎರಡನೆಯ ಲೋಟಕ್ಕೆ ಬಂದಾಗ ನಿನ್ನ ಕೈ ಅಲುಗಿ ಪಾನಕ ಚೆಲ್ಲಿದ್ದನ್ನು ನಾನು ನೋಡಿದ್ದೆ. ನೋಡಿಯೂ ಹಾಗೆ ಅಂದೆ.

ಭಾವನಂಥ ಭಾವ ಸಿಕ್ಕಿದ್ದು ನಮ್ಮೆಲ್ಲರ ಪುಣ್ಯ. ಅವರು ಹೋಗಿ ಐದು ವರ್ಷವಾದರೂ ನಿನ್ನ ಮನೆಗೆ ಬಂದಾಗ ನನ್ನ ಕಣ್ಣು ಜಗಲಿಯ ಆ ಕುರ್ಚಿಯ ಕಡೆಗೇ ಹೋಗುತ್ತದೆ. ಅವರನ್ನು ಇದರ ಜೊತೆ ತೂಗಲು ನಾನು ಬರೆಯುತ್ತಿಲ್ಲ. ಅಮ್ಮನ ಮೇಲಿದ್ದ ಮಾತನ್ನು ಇಳಿಸಬೇಕಿತ್ತು, ಅದಕ್ಕೆ ಉಳಿದವಳು ನೀನೊಬ್ಬಳೇ.

ಬಿಂಗ್ಲಿ ಎಂಟು ತಿಂಗಳ ಮೇಲೆ ಎಲಿಜಬೆತ್‌ಳನ್ನು ಲ್ಯಾಂಬ್ಟನ್‌ನ ವಸತಿಗೃಹದಲ್ಲಿ ನೋಡುತ್ತಾನಲ್ಲ, ಅಲ್ಲಿ ಒಂದು ಮಾತು ಬರುತ್ತದೆ. ನಾವೆಲ್ಲ ಒಟ್ಟಿಗೆ ಕುಣಿದ ನವೆಂಬರ್ 26ರಿಂದ ಈಚೆಗೆ ನೋಡಿಯೇ ಇಲ್ಲ ಎನ್ನುತ್ತಾನೆ. ಜೇನ್‌ಳ ಹೆಸರು ಎತ್ತುವುದಿಲ್ಲ, ತಾರೀಖು ಮಾತ್ರ ಹೇಳುತ್ತಾನೆ. ಎಲಿಜಬೆತ್‌ಗೆ ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ, ಅಕ್ಕನನ್ನು ಅವನು ಮರೆತಿಲ್ಲ ಎಂದು ಸಂತೋಷಪಡುತ್ತಾಳೆ. ಇನ್ನು ಆ ಪುಸ್ತಕದಲ್ಲಿ ಡಾರ್ಸಿ ಎಲಿಜಬೆತ್ ಮತ್ತೆ ಎಲ್ಲೂ ಕುಣಿಯುವುದಿಲ್ಲ. ಹಳ್ಳಿಯ ದಾರಿಯಲ್ಲಿ ನಡೆಯುತ್ತ, ಪಕ್ಕದಲ್ಲಿ ಯಾರೂ ಇಲ್ಲದಾಗ, ಒಂದು ಮಧ್ಯಾಹ್ನ ಮಾತು ಮುಗಿಸಿಕೊಳ್ಳುತ್ತಾರೆ.

ನಾನು ಮೂರು ದಿನ ಅಪ್ಪನ ಹಳೆಯ ಟ್ರಂಕು ಹುಡುಕಿದೆ. ಎಂಥೆಂಥದೋ ಮದುವೆ ಕರೆಯೋಲೆ ಸಿಕ್ಕಿತು, ಆ ಮದುವೆಯದು ಸಿಗಲಿಲ್ಲ. ಮದುಮಗಳ ಹೆಸರು ನೆನಪಿದೆ, ಚಪ್ಪರಕ್ಕೆ ಕಟ್ಟಿದ ಅಡಿಕೆ ಸಿಂಗಾರ ನೆನಪಿದೆ, ನೀನು ಉಟ್ಟ ಹಸಿರು ಸೀರೆ ನೆನಪಿದೆ. ತಾರೀಖು ನೆನಪಿಗೆ ಬರುತ್ತಿಲ್ಲ. ಫೋನಿನಲ್ಲಿ ಹೇಳಬೇಡ, ಒಂದು ಕಾರ್ಡು ಸಾಕು. ನಿನಗೆ ಆ ತಾರೀಖು ನೆನಪಿದ್ದರೆ ಬರೆದು ಕಳಿಸು.

ನಿನ್ನ ತಂಗಿ